ಬಾಗಿಲವರೆಗಿನ ಹೆಜ್ಜೆ

"ಅಣ್ಣಾ, ಬೂಟು ಬದಲಾಯಿಸಿದ್ರಾ?" ಗಾಜಿನ ಆಚೆಯಿಂದ ರೆಕಾರ್ಡಿಸ್ಟ್ ಹುಡುಗಿ ಕೇಳಿದಳು. "ಎಡಗಾಲಲ್ಲಿ ಏನೋ ಚಿಣ್ ಅಂತಿದೆ."

"ಹಿಮ್ಮಡಿ ಲಾಳ ಸಡಿಲ ಆಗಿದೆಯಮ್ಮಾ. ಹಳೇ ಬೂಟು, ಇರ್ಲಿ ಬಿಡು," ಎಂದ ಹೆಜ್ಜೆಯಣ್ಣ. ಯಾರ ಬೂಟು ಎಂದು ಹೇಳಲಿಲ್ಲ.

ಪರದೆಯ ಮೇಲೆ ಯಾರು ನಡೆದರೂ ಮೈಕಿನ ಮುಂದೆ ತಾನು ನಡೆದು ಅವರ ಹೆಜ್ಜೆಗೆ ಸದ್ದು ಕೊಡುವುದು ಅವನ ಕಸುಬು. ಹೆಸರು ಅಂಟಿಕೊಂಡದ್ದೂ ಅದರಿಂದಲೇ. ರಾಜ, ಕಳ್ಳ, ಬಸುರಿ, ಕುಡುಕ, ಎಲ್ಲರಿಗೂ ಅವನದೇ ಕಾಲು. ಇವತ್ತಿನದು ಹಿಂದೊಂದು ಕಾಲದಲ್ಲಿ ಟಿವಿಗೆಂದೇ ತೆಗೆದು, ಒಮ್ಮೆ ತೋರಿಸಿ, ಮೂಲೆಗೆ ಎಸೆದಿದ್ದ ಚಿತ್ರ. ಟೇಪಿನಲ್ಲಿ ಚಿತ್ರ ಉಳಿದಿತ್ತು, ಸದ್ದು ಹಾಳಾಗಿತ್ತು. ಮತ್ತೆ ಪ್ರಸಾರ ಮಾಡಬೇಕೆಂದು ಚಾನೆಲ್‌ನವರು ಹೊಸದಾಗಿ ಸದ್ದು ಕೂಡಿಸುತ್ತಿದ್ದರು. ಕಾಲದಲ್ಲಿ ಹಿಂದಕ್ಕೆ ಹೋಗುವ ವಿಜ್ಞಾನಿಯ ಕಥೆ. ಕಾಲಯಂತ್ರವೋ, ತಗಡಿನ ಪೆಟ್ಟಿಗೆಗೆ ಬಣ್ಣದ ಬಲ್ಬು ಚುಚ್ಚಿದ್ದು. ಅದರ ದೊಡ್ಡ ಗುಂಡಿ ಅಡುಗೆಮನೆಯ ಡಬ್ಬದ ಮುಚ್ಚಳ ಎಂದು ಮಗುವಿಗೂ ತಿಳಿಯುವಂತಿತ್ತು. ಅದನ್ನು ಒತ್ತಿ ವಿಜ್ಞಾನಿ ಉದ್ದನೆಯ ಕಾರಿಡಾರಿನಲ್ಲಿ ನಡೆಯುತ್ತಾನೆ, ಕೊನೆಯ ಬಾಗಿಲು ತೆರೆದು ನಿನ್ನೆಯೊಳಗೆ ಕಾಲಿಡುತ್ತಾನೆ.

ಆ ವಿಜ್ಞಾನಿ ಹೆಜ್ಜೆಯಣ್ಣನ ಅಪ್ಪ. ಸೆಟ್ಟನ್ನು ಎತ್ತರದ ಅಟ್ಟಣೆಯ ಮೇಲೆ ಕಟ್ಟಿದ್ದರು. ಬಾಗಿಲಿನಾಚೆ ಇಳಿಯಲು ಇಟ್ಟಿದ್ದ ಮೆಟ್ಟಿಲನ್ನು ಯಾರೋ ಸರಿಸಿ, ಮರೆತಿದ್ದರು. ಅಪ್ಪ ಬಾಗಿಲು ತೆರೆದು ಕಾಲಿಟ್ಟಾಗ ಆಚೆ ನಿನ್ನೆಯೂ ಇರಲಿಲ್ಲ, ಮೆಟ್ಟಿಲೂ ಇರಲಿಲ್ಲ. ಬಿದ್ದವನು ಮತ್ತೆ ಏಳಲಿಲ್ಲ. ಅವನು ಬಾಗಿಲು ತೆರೆಯುವವರೆಗಿನ ದೃಶ್ಯವನ್ನು ಹಾಗೇ ಇಟ್ಟುಕೊಂಡು, ಉಳಿದ ಚಿತ್ರವನ್ನು ಬೇರೊಬ್ಬನನ್ನು ಹಾಕಿ ಹೇಗೋ ಮುಗಿಸಿದರು. ಹೆಜ್ಜೆಯಣ್ಣ ಆಗಿನ್ನೂ ಅಮ್ಮನ ಹೊಟ್ಟೆಯಲ್ಲಿದ್ದ.

ಬೆಳಿಗ್ಗೆ ಅವನು ಹೊರಟಾಗ ಅಮ್ಮ ಟ್ರಂಕಿನಿಂದ ಈ ಬೂಟು ತೆಗೆದುಕೊಟ್ಟಿದ್ದಳು. ಅಂದು ಅಪ್ಪನ ಕಾಲಿನಿಂದ ಬಿಚ್ಚಿ ತಂದವು. "ಇವನ್ನೇ ಹಾಕ್ಕೊಂಡು ನಡಿ. ಆದ್ರೆ ಬಾಗಿಲವರೆಗೂ ಹೋಗ್ಬೇಡ ಕಣೋ," ಎಂದಿದ್ದಳು. ವಯಸ್ಸಾದವರ ಮಾತು ಎಂದು ಅವನು ಹೂಂಗುಟ್ಟಿ ಬಂದಿದ್ದ.

ದೀಪ ಆರಿತು. ಪರದೆಯ ಮೇಲೆ ಅಪ್ಪ ಬೆನ್ನು ಮಾಡಿ ನಡೆಯತೊಡಗಿದ. ಈ ಕಸುಬಿನವರು ಕಾಲು ನೋಡುವುದಿಲ್ಲ. ಹೆಜ್ಜೆ ಬೀಳುವ ಮೊದಲೇ ಭುಜ ಹೇಳಿಬಿಡುತ್ತದೆ. ಆ ಭುಜಗಳನ್ನೇ ನೋಡುತ್ತ ಮೈಕಿನ ಮುಂದಿನ ಹಲಗೆಯ ಮೇಲೆ ನಡೆಯುತ್ತಿದ್ದವನು ಹೆಜ್ಜೆ ಮರೆತ. ಅರೆಗಳಿಗೆ ನಿಂತುಬಿಟ್ಟ. ಪರದೆಯ ಮೇಲೆ ಅಪ್ಪನೂ ಅರೆಗಳಿಗೆ ನಿಂತ.

"ತಪ್ಪಾಯ್ತಮ್ಮಾ. ನಡುವೆ ನಿಂತೆ."

"ಏನು ತಪ್ಪು? ಅವ್ರೂ ಅಲ್ಲೇ ತಾನೇ ನಿಲ್ಲೋದು? ಬೆಳಿಗ್ಗೆಯಿಂದ ಎಷ್ಟು ಸಲ ನೋಡಿದೀವಿ!"

ಬೆಳಿಗ್ಗೆಯಿಂದ ನೋಡಿದಾಗೆಲ್ಲ ಅಪ್ಪ ಎಲ್ಲಿಯೂ ನಿಲ್ಲದೆ ನೆಟ್ಟಗೆ ಹೋಗಿ ಬಾಗಿಲು ತೆರೆದಿದ್ದ. ಹೆಜ್ಜೆಯಣ್ಣ ಹಲಗೆಯ ಮೊದಲಿಗೆ ಹಿಂತಿರುಗಿ ನಿಂತ. "ಇನ್ನೊಂದು ಸಲ ಹಾಕು," ಎಂದ. ಈ ಸಲ ಬೇಕೆಂದೇ ನಡುದಾರಿಯಲ್ಲಿ ಎಡಗಾಲು ಎತ್ತಿ ಹಾಗೇ ಹಿಡಿದ. ಪರದೆಯ ಮೇಲೆ ಅಪ್ಪನೂ ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಂತ.

ಹುಡುಗಿ ನಕ್ಕಳು. "ಈ ಜಾಗ ಬಂದಾಗೆಲ್ಲ ನಗು ಬರುತ್ತಣ್ಣಾ. ಯಾಕೆ ಹೀಗೆ ಮಾಡಿಸಿದಾರೋ!"

ಹೆಜ್ಜೆಯಣ್ಣನಿಗೆ ನಗು ಬರಲಿಲ್ಲ. ತಾನು ನಡೆದರೆ ಅಪ್ಪ ನಡೆಯುತ್ತಾನೆ, ತಾನು ನಿಂತರೆ ನಿಲ್ಲುತ್ತಾನೆ. ಬಾಗಿಲ ಮುಂದೆ ತಾನು ನಿಂತುಬಿಟ್ಟರೆ ಅಪ್ಪ ಬೀಳುವುದಿಲ್ಲ. ಅಮ್ಮ ಹೇಳಿದ್ದು ಇದನ್ನೇ. ಮೂರನೆಯ ಸಲ ಅವನು ಉಸಿರು ಹಿಡಿದು ನಡೆದ, ಬಾಗಿಲಿಗೆ ಒಂದೇ ಹೆಜ್ಜೆ ಉಳಿದಾಗ ನಿಂತ. ಅಗುಳಿಯ ಕಡೆ ಚಾಚಿದ್ದ ಅಪ್ಪನ ಕೈಯೂ ಅಲ್ಲೇ ನಿಂತಿತು.

ಬೂಟುಗಳು ಮುಂದಕ್ಕೆ ಜಗ್ಗಿದವು.

ಎಳೆತಕ್ಕೆ ಕಾಲಿನ ನರ ಸೆಟೆದುಕೊಂಡಿತು. ಇನ್ನೊಂದು ಹೆಜ್ಜೆ ಹಾಕಿಬಿಡು ಎಂದು ಇಷ್ಟು ವರ್ಷದ ರೂಢಿಯೂ ಒಳಗಿನಿಂದ ತಳ್ಳುತ್ತಿತ್ತು. ಹೆಜ್ಜೆಯಣ್ಣ ಹಲ್ಲುಕಚ್ಚಿ ಬಗ್ಗಿದ, ಲೇಸು ಬಿಚ್ಚಿ ಎರಡೂ ಕಾಲನ್ನು ಬೂಟಿನಿಂದ ಹೊರಗೆಳೆದುಕೊಂಡ. ಪರದೆಯ ಕಡೆ ಮುಖಮಾಡಿದ ಬೂಟುಗಳನ್ನು ಅಲ್ಲೇ ಬಿಟ್ಟು, ಬರಿಗಾಲಲ್ಲಿ ಹಿಂದಿನ ಗೋಡೆಯವರೆಗೆ ಸರಿದ. ಕಾಲೇ ಇಲ್ಲದ ಬೂಟು ಎಲ್ಲಿಗೆ ಹೋದೀತು? ಅವನಿಗೆ ಅಳು ತಡೆಯಲಾಗಲಿಲ್ಲ. ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು, ಸದ್ದಾಗದಂತೆ ಅತ್ತ. ಮೈಕು ಇನ್ನೂ ತೆರೆದೇ ಇತ್ತು.

ದೃಶ್ಯ ಮುಗಿದು ಪರದೆ ಕಪ್ಪಾಯಿತು.

"ಬಹಳ ಚೆನ್ನಾಗಿ ಬಂತಣ್ಣಾ!" ಕತ್ತಲಲ್ಲಿ ಹುಡುಗಿಯ ದನಿ. "ಬಾಗಿಲ ಹತ್ರ ನಿಲ್ಲೋದು, ಆಮೇಲೆ ತಿರುಗಿ ವಾಪಸ್ ಬರೋದು, ಒಂದೊಂದು ಹೆಜ್ಜೆನೂ ಸರಿಯಾಗಿ ಕೂತಿದೆ."

"ವಾಪಸ್ ಬರೋದಾ?" ಅವನು ಮುಖ ಒರೆಸಿಕೊಂಡ. "ನಾನು ವಾಪಸ್ ನಡೀಲೇ ಇಲ್ವಲ್ಲಮ್ಮಾ."

"ತಮಾಷೆ ಮಾಡ್ಬೇಡಿ. ನೀವೇ ಕೇಳಿ."

ಸ್ಪೀಕರಿನಲ್ಲಿ ಹೆಜ್ಜೆಗಳು ಬಂದವು. ಟಕ್, ಚಿಣ್. ಟಕ್, ಚಿಣ್. ಮೊದಲು ದೂರದಲ್ಲಿ, ಆಮೇಲೆ ಹತ್ತಿರ, ಇನ್ನೂ ಹತ್ತಿರ. ಅವಸರವಿಲ್ಲದ ನಡಿಗೆ. ಮೈಕನ್ನು ದಾಟಿ ಮುಂದಕ್ಕೆ ಬಂದು ನಿಂತಿತು.

ಹುಡುಗಿ ದೀಪ ಹಾಕಿದಳು. ಹಲಗೆಯ ಮೇಲೆ ಬೂಟುಗಳಿರಲಿಲ್ಲ. ಅವು ಗೋಡೆಯ ಬಳಿ, ಹೆಜ್ಜೆಯಣ್ಣನ ಬರಿಗಾಲಿಗೆ ತಾಗುವಷ್ಟು ಹತ್ತಿರ, ಅವನ ಕಡೆಗೇ ಮುಖಮಾಡಿ ಜೋಡಿಯಾಗಿ ನಿಂತಿದ್ದವು.