ನಾಲ್ಕು ಗಂಟೆಯೊಳಗೆ

“ಎಲ್ಲಾ ಪೇಪರ್ ಪ್ರಕಾರನೇ ಇದೆ ಮೇಡಂ,” ಎಂದು ಶಾಪಿನ ಯಜಮಾನ ಸಿದ್ದಲಿಂಗಯ್ಯ ಮೂರನೇ ಸಲ ಹೇಳಿ, ಇನ್ನೊಂದು ಫೈಲನ್ನು ಮೇಘಾಳ ಮುಂದೆ ತಳ್ಳಿದರು. “ಮೊದಲು ಕಾಫಿ ತಗೊಳ್ಳಿ, ಆರಿಹೋಗುತ್ತೆ.”

ವಿಮಾನ ಅಪಘಾತದ ತನಿಖೆಗೆಂದು ಮೇಘಾ ಪೀಣ್ಯದ ಆ ಪ್ಲೇಟಿಂಗ್ ಶಾಪಿಗೆ ಬಂದು ಮುಕ್ಕಾಲು ಗಂಟೆಯಾಗಿತ್ತು. ಕಾಫಿ ಎರಡು ಸಲ, ಬೋಂಡಾ ಒಂದು ಸಲ ಬಂದಿದ್ದವು. ಕೇಳಿದ್ದಕ್ಕೆ ಉತ್ತರ ಮಾತ್ರ ಬಂದಿರಲಿಲ್ಲ. ಹೋದ ಸೋಮವಾರ ತರಬೇತಿ ಶಾಲೆಯ ಪುಟ್ಟ ವಿಮಾನವೊಂದು ನೆಲ ಮುಟ್ಟುತ್ತಿದ್ದಂತೆ ಮುಂದಿನ ಚಕ್ರದ ಕಾಲು ಮಡಚಿಕೊಂಡು, ಮೂಗು ಉಜ್ಜುತ್ತಾ ಹೋಗಿ ನಿಂತಿತ್ತು. ಅದನ್ನು ಹಾರಿಸುತ್ತಿದ್ದ ವಿದ್ಯಾರ್ಥಿನಿ ಸ್ಫೂರ್ತಿಗೆ ಇಪ್ಪತ್ತು ವರ್ಷ. ದವಡೆ ಮುರಿದು, ಈಗ ಸ್ಟ್ರಾ ಹಾಕಿಕೊಂಡು ಗಂಜಿ ಕುಡಿಯುತ್ತಿದ್ದಳು. ಚಕ್ರದ ಕಾಲನ್ನು ಹಿಡಿದಿಡುವ ಬೆರಳುದ್ದದ ಪಿನ್ನು ಎರಡು ತುಂಡಾಗಿತ್ತು. ತುಕ್ಕು ಹಿಡಿಯದಂತೆ ಅದಕ್ಕೆ ಲೋಹದ ಲೇಪ ಹಾಕಿದ್ದು ಇಲ್ಲಿ. ಅದರ ಜೊತೆಗೇ ಲೇಪವಾದ ಪಿನ್ನುಗಳು ಶಾಲೆಯ ಉಳಿದ ಮೂರು ವಿಮಾನಗಳಲ್ಲೂ ಇದ್ದವು. ಕಾಗದಪತ್ರ ಸರಿಯಿದೆಯೆಂದು ಮೇಲಿನವರು ಅವಕ್ಕೆ ಇವತ್ತು ಹನ್ನೆರಡರಿಂದ ಹಾರಲು ಒಪ್ಪಿಗೆ ಕೊಟ್ಟಿದ್ದರು. ಇನ್ನೊಂದು ದಿನ ತಡೆಯಿರಿ ಎಂದ ಮೇಘಾಳ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ. ಆಗಲೇ ಹನ್ನೊಂದು ದಾಟಿತ್ತು.

“ಹುಡುಗಿ ಜೋರಾಗಿ ಇಳಿಸಿರ್ತಾಳೆ ಬಿಡಿ. ಹೊಸದಾಗಿ ಸ್ಕೂಟಿ ಕಲಿಯೋರು ಗುಂಡಿ ನೋಡ್ಕೊಂಡು ಓಡಿಸ್ತಾರಾ?”

“ಅವಳು ಸರಿಯಾಗೇ ಇಳಿಸಿದಾಳೆ ಸಾರ್. ಪಿನ್ನು ಅದಕ್ಕೂ ಮುಂಚೆನೇ ಒಳಗೊಳಗೆ ಬಿರುಕು ಬಿಟ್ಟಿತ್ತು.”

ಲೇಪದ ತೊಟ್ಟಿಯಲ್ಲಿ ಗಟ್ಟಿ ಉಕ್ಕು ಹೈಡ್ರೋಜನ್ ಹೀರಿಕೊಳ್ಳುತ್ತದೆ. ನಾಲ್ಕು ಗಂಟೆಯೊಳಗೆ ಒವನ್ನಿಗಿಟ್ಟು ಒಂದಿಡೀ ದಿನ ಬೇಯಿಸಿದರೆ ಅದು ಹೊರಟುಹೋಗುತ್ತದೆ. ತಡವಾದರೆ ಆಮೇಲೆ ಎಷ್ಟು ಬೇಯಿಸಿದರೂ ಉಕ್ಕು ಹಪ್ಪಳ. ಕಣ್ಣಿಗೇನೂ ಕಾಣದು, ಭಾರ ಬಿದ್ದ ಯಾವುದೋ ಒಂದು ದಿನ ಪಟ್ಟೆನ್ನುತ್ತದೆ. ಲಾಗ್ ಪುಸ್ತಕ ಮಾತ್ರ ಅಚ್ಚುಕಟ್ಟಾಗಿತ್ತು. ಅಕ್ಟೋಬರ್ ಒಂದು, ಬೆಳಿಗ್ಗೆ ಹನ್ನೊಂದಕ್ಕೆ ತೊಟ್ಟಿಯಿಂದ ಹೊರಗೆ, ಮಧ್ಯಾಹ್ನ ಒಂದೂ ನಲವತ್ತಕ್ಕೆ ಒವನ್ ಒಳಗೆ. ಕೆಳಗೆ ಹಣಮಂತ ಎಂಬ ಸಹಿ.

“ಹಣಮಂತನ್ನ ಕರೀರಿ.”

“ಅವನನ್ನ ಏನ್ ಕೇಳ್ತೀರಾ ಮೇಡಂ? ಇಂಗ್ಲಿಷ್ ಬರಲ್ಲ ಅವನಿಗೆ.”

“ನಂಗೆ ಕನ್ನಡ ಬರುತ್ತೆ.”

ಇಳಕಲ್ ಕಡೆಯ ಹಣಮಂತ ಕೈಯೊರೆಸಿಕೊಳ್ಳುತ್ತಾ ಬಂದು ಗೋಡೆಗೆ ಒತ್ತಿಕೊಂಡು ನಿಂತ. ಮೇಘಾ ಸ್ಟೂಲು ಎಳೆದುಕೊಟ್ಟಳು. ಕೂರಲಿಲ್ಲ. ಬೋಂಡಾದ ತಟ್ಟೆ ಸರಿಸಿದಳು. ಮುಟ್ಟಲಿಲ್ಲ. ಪಿನ್ನುಗಳನ್ನು ಒವನ್ನಿಗೆ ಇಟ್ಟದ್ದು ನೀವೇನಾ ಎಂದದ್ದಕ್ಕೆ, ಯಜಮಾನರ ಮುಖ ನೋಡಿ, “ಹೌದ್ರಿ ಅಕ್ಕಾರ,” ಎಂದ.

ಮೇಘಾ ಫೋನಿನಲ್ಲಿ ಕ್ಯಾಲೆಂಡರ್ ತೆಗೆದಳು. ತಾರೀಖು ನೋಡಿ ಅವಳಿಗೆ ನಿಜಕ್ಕೂ ಪಾಪ ಅನ್ನಿಸಿತು. “ಅವತ್ತು ಆಯುಧ ಪೂಜೆ ಅಲ್ವಾ? ಹಬ್ಬದ ಮಧ್ಯಾಹ್ನನೂ ನಿಮ್ಮೊಬ್ಬರನ್ನೇ ದುಡಿಯೋಕೆ ಬಿಟ್ಟು ಎಲ್ಲಾ ಮನೆಗೆ ಹೋದ್ರಾ?”

ಸಿದ್ದಲಿಂಗಯ್ಯನವರಿಗೆ ಅದು ಚುಚ್ಚಿತು. “ಏನ್ ಮೇಡಂ ಹೀಗಂತೀರಾ! ಇಪ್ಪತ್ತೆರಡು ವರ್ಷದಿಂದ ಶಾಪ್ ನಡೆಸ್ತಿದೀನಿ. ಪೂಜೆ ಆದ್ಮೇಲೆ ಇಲ್ಲಿ ಒಂದು ಫ್ಯಾನ್ ಕೂಡ ಹಾಕಲ್ಲ. ನೋಡಿ ಬೇಕಾದ್ರೆ!” ಎಂದು ಫೋಟೋ ತೋರಿಸಿದರು. ಒವನ್ನಿನ ಬಾಗಿಲಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಎರಡೂ ಪಕ್ಕ ಬಾಳೆಕಂದು.

ಯಜಮಾನರ ಮರ್ಯಾದೆ ಉಳಿಸಲು ಹಣಮಂತನೂ ಬಾಯಿ ಬಿಟ್ಟ. “ಕುಂಕುಮ ಹಚ್ಚಿದ್ ಮಷೀನ್ ಮುಟ್ಟಂಗಿಲ್ರಿ ಅಕ್ಕಾರ. ನಮ್ ಸಾಹೇಬ್ರು ಅದ್ರಾಗ ಭಾಳ ಕಟ್ಟುನಿಟ್ಟ. ಮೂರನೇ ತಾರೀಖ ಕಾಯಿ ಒಡದs ಚಾಲೂ ಮಾಡಿದ್ವಿ.”

“ಮತ್ತೆ ಒಂದೂ ನಲವತ್ತು ಅಂತ ಬರೆದಿದೀರಲ್ಲ?”

“ನಾಕ್ ತಾಸಿನೊಳಗ ಇರೂವಂಗ ಬರೀಬೇಕ್ರಿ. ಹಂಗs ಬರದೀನಿ.”

ಪಕ್ಕದ ಶೆಡ್ಡಿನಲ್ಲಿ ಪ್ರೆಸ್ ದಡದಡ ಎನ್ನುತ್ತಿತ್ತು. ಮೇಘಾ ಹಣೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದಳು. “ಪ್ಲೇಟಿಂಗನ್ನೇ ಹಬ್ಬ ಆದ್ಮೇಲೆ ಮಾಡಬಹುದಿತ್ತಲ್ಲ ಸಾರ್?”

“ಕೆಲಸ ಬಾಕಿ ಇಟ್ಕೊಂಡು ಯಾರಾದ್ರೂ ಪೂಜೆ ಮಾಡ್ತಾರಾ ಮೇಡಂ? ತೊಟ್ಟಿ ಖಾಲಿ ಮಾಡಿ, ತೊಳೆದು ತಾನೆ ಹೂವು ಇಡೋದು?” ಸಿದ್ದಲಿಂಗಯ್ಯನವರಿಗೆ ಈಕೆಗೆ ಇಷ್ಟೂ ತಿಳಿಯದಲ್ಲ ಎನ್ನಿಸಿತ್ತು. “ಬೇಯಿಸಿಲ್ಲ ಅಂದ್ನಾ? ಎರಡು ದಿನ ಲೇಟು, ಅಷ್ಟೇ. ಅದಕ್ಕೇ ಆರು ಗಂಟೆ ಜಾಸ್ತಿನೇ ಬೇಯಿಸಿದೀವಿ!”

ಬೈಯಲು ಬಾಯಿ ತೆರೆದ ಮೇಘಾ, ಬೈಯುವಷ್ಟು ಹೊತ್ತೂ ಇಲ್ಲವೆಂದು ಶಾಲೆಯ ಇಂಜಿನಿಯರ್ ರುದ್ರೇಶನಿಗೆ ಫೋನ್ ಹಚ್ಚಿದಳು. ಹನ್ನೆರಡಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು.

“ರುದ್ರೇಶ್, ಮೂರೂ ವಿಮಾನ ನಿಲ್ಲಿಸಿ. ಪಿನ್ನು ಬದಲಾಯಿಸೋ ತನಕ ಒಂದೂ ಏಳಬಾರದು.”

“ಎರಡನ್ನ ಈಗಲೇ ನಿಲ್ಲಿಸ್ತೀನಿ ಮೇಡಂ.”

“ಮೂರು ಅಂದೆ.”

“ಗಾಳಿ ಚೆನ್ನಾಗಿತ್ತು ಅಂತ ಒಂದನ್ನ ಬೇಗನೇ ಬಿಟ್ಬಿಟ್ವಿ. ಸ್ಟೂಡೆಂಟ್ ಒಬ್ಬನೇ ಇದಾನೆ, ಇದೇ ಮೊದಲನೇ ಸಲ.” ರುದ್ರೇಶನ ದನಿ ಸಣ್ಣಗಾಯಿತು. “ರೇಡಿಯೋ ನನ್ನ ಕೈಯಲ್ಲೇ ಇದೆ. ಏನಂತ ಹೇಳಲಿ ಮೇಡಂ? ಇಳೀಬೇಡ ಅಂತ ಹೇಳೋಕಾಗುತ್ತಾ?”