ಬಾಗಿಲಲ್ಲಿದ್ದ ಪುಟ್ಟ ಚಪ್ಪಲಿ

ದುದ್ದದಿಂದ ಶಾಂತಿಗ್ರಾಮಕ್ಕೆ ಮಗನಿಗೆ ಹೆಣ್ಣು ನೋಡಲು ಬಂದ ಬೆಟ್ಟಮ್ಮನಿಗೆ ಅನುಮಾನ ಹುಟ್ಟಿದ್ದು ಬಾಗಿಲಲ್ಲೇ, ಒಂದು ಜೊತೆ ಪುಟ್ಟ ಚಪ್ಪಲಿ ಕಂಡು.

"ನಮ್ಮ ಚಿಕ್ಕೋಳು ಧನುಶ್ರೀದು. ಅಜ್ಜಿ ಊರಿಗೆ ಓಗವ್ಳೆ" ಎಂದಳು ಹುಡುಗಿಯ ತಾಯಿ ಪ್ರೇಮಕುಮಾರಿ, ಯಾರೂ ಕೇಳುವ ಮೊದಲೇ.

ಬರಿಗಾಲಲ್ಲಿ ಹೋದಳೇ? ಬೆಟ್ಟಮ್ಮ ಉಪ್ಪಿಟ್ಟು ತಿನ್ನುತ್ತಲೇ ಮನೆಯನ್ನೆಲ್ಲ ಕಣ್ಣಲ್ಲೇ ಜಾಲಾಡಿದಳು. ಸ್ಕೂಲ್ ಬ್ಯಾಗೂ ಮೊಳೆಯಲ್ಲೇ ನೇತಾಡುತ್ತಿತ್ತು. ಹುಡುಗಿ ಸೌಜನ್ಯ ಲಕ್ಷಣವಾಗಿದ್ದಳು. ಮಗ ನಟರಾಜು ಆಗಲೇ ಒಪ್ಪಿಬಿಟ್ಟಿದ್ದ. ಕಾಫಿ ಮುಗಿದರೂ ಬರಿ ಲೋಟ ಹಿಡಿದುಕೊಂಡೇ ಕೂತಿದ್ದ. ಆದರೆ ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಹೆತ್ತ ಮಗುವನ್ನೇ ಬಚ್ಚಿಡುವವರು ಇನ್ನೇನೇನು ಬಚ್ಚಿಟ್ಟಿದ್ದಾರೋ!

"ಕೈ ತೊಳ್ಕೊಂಡ್ ಬತ್ತೀನಿ" ಎಂದು ಎದ್ದವಳು ನೆಟ್ಟಗೆ ಹಿತ್ತಲಿಗೆ ನಡೆದಳು. "ಇಲ್ಲೇ ನಲ್ಲಿ ಐತೆ ಕಣಕ್ಕಾ" ಎಂದು ಪ್ರೇಮಕುಮಾರಿ ಕೂಗಿದ್ದು ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ.

ಕೊಟ್ಟಿಗೆಯಲ್ಲಿ ರಾಗಿ ಹುಲ್ಲಿನ ಹೊರೆಯ ಮೇಲೆ ಒಂಬತ್ತು ವರ್ಷದ ಹುಡುಗಿ ಪುಸ್ತಕ ಹಿಡಿದು ಕೂತಿದ್ದಳು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ತಡವರಿಸುವಳು, ಸಾಲು ತಪ್ಪುವಳು, ಮತ್ತೆ ಮೊದಲಿಂದ.

"ಯಾಕವ್ವಾ ಇಲ್ ಕೂತಿದೀಯ?"

"ನಂಗೆ ಓದಕ್ಕೆ ಬರಲ್ಲ ಅಜ್ಜಿ. ಅದೇನೋ ಡಿಸ್ಲೆಕ್ಸಿಯಾ ಅಂತೆ, ರಕ್ತದಲ್ಲೇ ಬರುತ್ತಂತೆ. ಗಂಡಿನೋರಿಗೆ ಗೊತ್ತಾದ್ರೆ ಅಕ್ಕನ್ನ ಬ್ಯಾಡ ಅಂತಾರಂತೆ. ನೀವು ಅವ್ರಿಗೆ ಹೇಳ್ಬ್ಯಾಡಿ."

ಬೆಟ್ಟಮ್ಮನಿಗೆ ಸಿಟ್ಟು ಬರಬೇಕಿತ್ತು, ನಾಚಿಕೆಯಾಯಿತು. ಹಾಲು ಕರೆಯುವ ಮಿಷನ್ನು ಬಿಚ್ಚಿ ಕಟ್ಟುವುದರಲ್ಲಿ ಎತ್ತಿದ ಕೈಯಾದ ನಟರಾಜು ಓದುವುದೂ ಹೀಗೆಯೇ, ಬೆರಳಿಟ್ಟು. "ಮನೆಯಲ್ಲಿ ಇನ್ಯಾರಿಗಾದರೂ ಹೀಗಿದೆಯಾ?" ಎಂದು ಹಾಸನದ ಡಾಕ್ಟರು ಕೇಳಿದಾಗ, ಹೀಗೇ ತಡವರಿಸುತ್ತಿದ್ದ ತನ್ನ ಅಣ್ಣನ ನೆನಪಿದ್ದೂ ಇಲ್ಲವೆಂದಿದ್ದಳು. ದೊಡ್ಡ ಮಗಳನ್ನು ನೋಡಲು ಗಂಡಿನವರು ಬಂದ ದಿನ ನಟರಾಜುವನ್ನು ಬೆಳಗ್ಗೆಯೇ ಕೊಟ್ಟಿಗೆಗೆ ಅಟ್ಟಿದ್ದಳು. ಆಗ ಅವನಿಗೆ ಹತ್ತು ವರ್ಷ.

ಮಗುವಿನ ಕೈ ಹಿಡಿದು ನಡುಮನೆಗೆ ಬಂದಳು. ಪ್ರೇಮಕುಮಾರಿಯ ಮುಖ ಬಿಳಿಚಿಕೊಂಡಿತು.

"ನಟರಾಜು, ಈ ಕೂಸಿಗೆ ಒಂದ್ ಪುಟ ಓದ್ಕೊಡು ಕಣ್ಲಾ."

ನಟರಾಜು ಅವ್ವನನ್ನೇ ನೋಡಿದ. ನಾಲ್ಕು ಜನರ ಮುಂದೆ ಓದು ಎಂದು ಅವಳು ಹೇಳಿದ್ದು ಇದೇ ಮೊದಲು. ಪುಸ್ತಕ ಇಸಿದುಕೊಂಡು, ಬೆವರುತ್ತಾ, ಮೊದಲ ಅಕ್ಷರದ ಕೆಳಗೆ ಬೆರಳಿಟ್ಟ.

ಧನುಶ್ರೀ ಆ ಬೆರಳನ್ನು ನೋಡಿದಳು. ಅವನ ಹತ್ತಿರ ಸರಿದು ಮೆಲ್ಲಗೆ ಕೇಳಿದಳು:

"ನಿಮ್ಮನ್ನೂ ಕೊಟ್ಟಿಗೇಲಿ ಕೂರಿಸ್ತಿದ್ರಾ ಮಾಮ?"