ನಾಯಿಗಾಗಿ ಒಂದು ರಿವಾಲ್ವರ್

೧೯೦೪ರ ವಸಂತದಲ್ಲಿ ನಾಗರಿಕ ಜಗತ್ತಿನ ಮುಂದಿದ್ದ ಅತ್ಯಂತ ಗಂಭೀರ ಪ್ರಶ್ನೆ ಒಂದೇ: ಸೈಕಲ್ ಸವಾರನ ಪ್ಯಾಂಟನ್ನು ನಾಯಿಗಳಿಂದ ಕಾಪಾಡುವುದು ಹೇಗೆ? ಅದಕ್ಕೆ ಉತ್ತರ ಕಂಡುಹಿಡಿದಿದ್ದ ಲಿಯೇಜಿನ ಜೆರೋಮ್ ಕ್ಲೋಸೆ, ಗುರುವಾರ ಮಧ್ಯಾಹ್ನ ಗುಂಡು ತುಂಬಿದ ರಿವಾಲ್ವರನ್ನು ತನ್ನ ಅತ್ತೆಯ ಎದೆಗೆ ಗುರಿಯಿಟ್ಟು ನಿಂತಿದ್ದ.

"ಒತ್ತಿ ಅಳಿಯಂದ್ರೆ," ಎಂದಳು ಅತ್ತೆ ಒಡಿಲ್, ಕಾಲುಚೀಲ ಹೆಣೆಯುತ್ತ. "ಮದುವೆ ದಿನದಿಂದ ಆಸೆ ಇಟ್ಕೊಂಡಿದ್ದೀರಿ."

ಎದುರಿಗೆ ಆಂಟ್‌ವರ್ಪಿನ ಸೈಕಲ್ ವ್ಯಾಪಾರಿ ವಾನ್ ಹೂಲ್ ಕಾಫಿ ಹೀರುತ್ತಿದ್ದ. ಅವನು ಒಪ್ಪಿದರೆ ಐನೂರು ರಿವಾಲ್ವರುಗಳಿಗೆ ಬೇಡಿಕೆ. ಒಪ್ಪದಿದ್ದರೆ ಜೆರೋಮ್ ಸೋಮವಾರದಿಂದ ಕಲ್ಲಿದ್ದಲ ಗಣಿಗೆ ಇಳಿಯಬೇಕು.

ಜೆರೋಮ್ ಸೇಫ್ಟಿ ಚಿಲಕ ಹಾಕಿ ಟ್ರಿಗರ್ ಒತ್ತಿದ. ಗುಂಡು ಹಾರಲಿಲ್ಲ. ಅತ್ತೆ ರೆಪ್ಪೆ ಬಡಿಯಲಿಲ್ಲ.

"ಅಳಿಯನ ಮೇಲೆ ಎಂಥಾ ನಂಬಿಕೆ!" ಎಂದ ವ್ಯಾಪಾರಿ.

"ಈ ರಿವಾಲ್ವರು ನನಗೆ ಗೊತ್ತಿಲ್ವೇ ಸ್ವಾಮಿ? ಒಂದೊಂದು ತುಂಡೂ ನಾನೇ ತಂದದ್ದು."

ನಿಜವೇ. ನಳಿಗೆ ಒಂದು ಮನೆಯಲ್ಲಿ, ಟ್ರಿಗರ್ ಇನ್ನೊಂದರಲ್ಲಿ, ತೋಟಾಕ್ಕೆ ಬಡಿದು ಗುಂಡು ಹಾರಿಸುವ ಸುತ್ತಿಗೆ ಬೆಟ್ಟದ ಮೇಲಿನ ಮತ್ತೊಂದು ಮನೆಯಲ್ಲಿ ತಯಾರಾಗುತ್ತಿತ್ತು. ಎಲ್ಲವನ್ನೂ ಒಡಿಲ್ ತನ್ನ ನಾಯಿ ಪಾಶಾ ಎಳೆಯುವ ಗಾಡಿಯಲ್ಲಿ ತರುತ್ತಿದ್ದಳು. ನಾಯಿಗೆ ದಣಿವೆಂದು ಸೇತುವೆಯ ಬಳಿ ಅರ್ಧ ಗಂಟೆ ಕೂರುತ್ತಿದ್ದಳು. ಬಂದೂಕು ತಯಾರಿಸುವ ಆ ಊರಿನ ಎಲ್ಲ ಹೆಂಗಸರಂತೆ ಅವಳ ಮಡಿಲಲ್ಲೂ ಕಬ್ಬಿಣದ ಪುಡಿ.

"ಈಗ ಚಿಲಕ ತೆಗೀರಿ," ಎಂದ ವಾನ್ ಹೂಲ್. "ಹಾರುತ್ತೋ ಇಲ್ವೋ ನೋಡ್ಬೇಕಲ್ಲ. ಬಾಗಿಲಲ್ಲೇ ಒಂದು ನಾಯಿ ಇದೆ."

ಜೆರೋಮ್ ಬಿಳಿಚಿಕೊಂಡ. ಪಾಶಾ ಬಾಲ ಆಡಿಸಿದ.

"ಹೊಡೀರಿ," ಎಂದಳು ಒಡಿಲ್. "ಅದಕ್ಕೂ ನಿಮ್ಮ ಮೇಲೆ ನಂಬಿಕೆ."

ಜೆರೋಮ್ ಚಿಲಕ ತೆಗೆದು, ಕಣ್ಣು ಮುಚ್ಚಿ ಒತ್ತಿದ. ಟಕ್. ಪಾಶಾ ಆಕಳಿಸಿದ.

ಗಣಿಯ ಕತ್ತಲು ಜೆರೋಮನ ಕಣ್ಣಿಗೆ ಕಟ್ಟಿತು. ಬಾಯಿಗೆ ಬಂದದ್ದನ್ನು ಹೇಳಿದ: "ಅದು... ಎರಡನೇ ಸೇಫ್ಟಿ. ಹಿಡಿಯೊಳಗಿದೆ. ಹೆದರಿದ ಕೈಗೆ ಮಾತ್ರ ಬಿಟ್ಟುಕೊಡುತ್ತೆ. ಧೈರ್ಯವಂತರಿಗೆ ನಾಯಿ ಕೊಲ್ಲೋ ಅಗತ್ಯ ಏನಿದೆ ಹೇಳಿ?"

ವಾನ್ ಹೂಲ್ ರಿವಾಲ್ವರ್ ಕಿತ್ತುಕೊಂಡು ಐದು ಸಲ ಒತ್ತಿದ. ಒಂದೂ ಹಾರಲಿಲ್ಲ. ಅವನ ಎದೆ ಎರಡಿಂಚು ಹಿಗ್ಗಿತು.

"ಐನೂರು," ಎಂದ.

ಐನೂರೂ ಮಾರಾಟವಾದವು. ಹಾರಲಿಲ್ಲ ಎಂದು ಯಾರೂ ದೂರಲಿಲ್ಲ; ಹಲವರು ಹೆಂಡತಿಯ ಎದುರು ಒತ್ತಿ ತೋರಿಸಿದರು. ಕೂಡಿಬಂದ ಅದೃಷ್ಟವನ್ನು ಬಿಚ್ಚಿ ನೋಡುವ ಧೈರ್ಯ ಜೆರೋಮನಿಗೆ ಬರಲಿಲ್ಲ.

ಅಕ್ಟೋಬರಿನಲ್ಲಿ ನಿವೃತ್ತ ಕ್ಯಾಪ್ಟನ್ ದ್ಯುಬುಸಿ ಒಂದು ಕೈಯಲ್ಲಿ ರಿವಾಲ್ವರ್, ಇನ್ನೊಂದರಲ್ಲಿ ತೂತುಬಿದ್ದ ಸೈಕಲ್ ಚಕ್ರ ಹಿಡಿದು ಒಳನುಗ್ಗಿದ.

"ಹಾರ್ತು ಕಣಯ್ಯಾ! ಕ್ಲಬ್ಬಿನವರೆಲ್ಲರ ಮುಂದೆ! ನಾನೇನು ಪುಕ್ಕಲನೇ?"

"ಹಾರ್ತೇ?" ಜೆರೋಮ್ ಕುರ್ಚಿ ಹಿಡಿದುಕೊಂಡ.

"ಕೊಡಿ ಕ್ಯಾಪ್ಟನ್, ರಿಪೇರಿ ಮಾಡ್ತೀನಿ," ಎಂದು ಹೇಳಿ ಒಡಿಲ್ ಅಳಿಯನನ್ನು ಒಳಗೆಳೆದುಕೊಂಡು ಹೋಗಿ ಪಿಸುಗುಟ್ಟಿದಳು: "ಅವತ್ತು ಸೇತುವೆ ಹತ್ರ ಕೂತಿದ್ದಾಗ ಪಾಶಾ ಬೆಕ್ಕು ಕಂಡು ಗಾಡಿ ಸಮೇತ ಓಡಿದ. ಒಂದು ಸುತ್ತಿಗೆ ಹಾಗೇ ಉಳ್ಕೊಂಡ್ಬಿಡ್ತು."

ಹೆಣೆಯುತ್ತಿದ್ದ ಕಾಲುಚೀಲದೊಳಗಿಂದ ಅರ ತೆಗೆದು, ಉಳಿದ ನಾನೂರ ತೊಂಬತ್ತೊಂಬತ್ತಕ್ಕೆ ಮಾಡಿದಂತೆಯೇ, ಸುತ್ತಿಗೆಯ ಮೊನೆಯನ್ನು ನುಣ್ಣಗೆ ಉಜ್ಜಿಹಾಕಿದಳು.

ಹತ್ತು ನಿಮಿಷದಲ್ಲಿ ಕ್ಯಾಪ್ಟನ್ ಮತ್ತೆ ಧೀರನಾದ.